ಲೊಬಿಟೊ ರೈಲಿನಿಂದ ಯಾರಿಗೆ ಲಾಭ?
ಅಂಗೋಲಾದ ಲೊಬಿಟೊ ರೈಲು ಮಾರ್ಗದಿಂದ ಗಣಿ ಕಂಪನಿಗಳನ್ನು ಬಿಟ್ಟು ಬೇರೆ ಯಾರಿಗೆ ಲಾಭ ಅಂತ ಕೇಳಿದ್ದೀರಿ. ಸದ್ಯಕ್ಕೆ ಗಣಿಗಳಿಗೇ ಜಾಸ್ತಿ. ಕಾಂಗೋದ ಗಣಿ ಪಟ್ಟಣ ಕೊಲ್ವೆಜಿಯಿಂದ ತಾಮ್ರ, ಕೋಬಾಲ್ಟ್ ಲಾರಿಯಲ್ಲಿ ಡರ್ಬನ್ ಬಂದರು ಮುಟ್ಟಲು ವಾರಗಟ್ಟಲೆ ಬೇಕು. ಗಡಿಗಳಲ್ಲಿ ಲಾರಿಗಳ ಸಾಲು ಬೇರೆ. ಅಟ್ಲಾಂಟಿಕ್ ಕರಾವಳಿಯ ಲೊಬಿಟೊ ಬಂದರಿಗೆ ರೈಲಿನಲ್ಲಿ ಬೇಗ ತಲುಪುತ್ತದೆ. ಅಂಗೋಲಾದೊಳಗೇ ಸುಮಾರು 1,300 ಕಿ.ಮೀ. ಹಳಿ ಇದೆ. 1975ರಿಂದ 2002ರವರೆಗಿನ ಅಂತರ್ಯುದ್ಧದಲ್ಲಿ ಹಾಳಾಗಿದ್ದ ಇದನ್ನು ಚೀನಾದ ಕಂಪನಿ ಮತ್ತೆ ಕಟ್ಟಿತು. ಈಗ ಸರಕು ಸಾಗಣೆ 30 ವರ್ಷಕ್ಕೆ ಖಾಸಗಿ ಕಂಪನಿಗಳ ಕೂಟದ ಕೈಯಲ್ಲಿದೆ.

ಆದರೆ ಇದೇ ಹಳಿ ಅಂಗೋಲಾದ ಹುವಾಂಬೊ, ಕುಯಿಟೊ ಊರುಗಳ ಸುತ್ತಲಿನ ಮೆಕ್ಕೆಜೋಳದ ಸೀಮೆಯನ್ನೂ ಹಾದು ಹೋಗುತ್ತದೆ, ಅಲ್ವಾ? ಅಲ್ಲಿ ಗೋದಾಮು ಬೇಕು, ಸಣ್ಣ ರೈತನ ಹತ್ತಿಪ್ಪತ್ತು ಮೂಟೆಗೂ ವ್ಯಾಗನ್‌ನಲ್ಲಿ ಜಾಗ ಬೇಕು. ಈ ರೈಲು ಮಾರ್ಗಕ್ಕೆ ಸಾಲ ಕೊಡುವವರು ಇದನ್ನು ಷರತ್ತಾಗಿಯೇ ಬರೆಸಬೇಕು ಅನ್ನುವುದು ನನ್ನ ಅಭಿಪ್ರಾಯ.