ಟ್ರಿಂಕೋಮಲಿ ಉಳಿದದ್ದು ಬರೀ ತೇಗದಿಂದಲೇ?

ಪತ್ರ: 1817ರ ಎಚ್‌ಎಂಎಸ್ ಟ್ರಿಂಕೋಮಲಿ ಎಂಬ ಬ್ರಿಟಿಷ್ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇನ್ನೂ ತೇಲುತ್ತಿದೆ ಎಂದು ಬರೆದಿದ್ದಿರಿ. ಅದು ತೇಗದ ಮಹಿಮೆಯೇ? ಬಹುಕಾಲ ಕಟ್ಟಿಹಾಕಿದ್ದ ಹಡಗು ಸೇವೆ ಸಲ್ಲಿಸಿತು ಎನ್ನಬಹುದೇ? — ಓದುಗರೊಬ್ಬರು, ಕಾರವಾರ

ಸಂಪಾದಕರ ಉತ್ತರ: ತೇಗ ಅರ್ಧ ಕಾರಣ. ಇನ್ನರ್ಧ ಡೆಕ್ಕಿನ ಮೇಲೆ ಹೊದಿಸಿದ ಚಾವಣಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ಮರದ ಮಾತು. ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದ ಬೋಲ್ಟನ್ನು ತಿನ್ನುತ್ತದೆ. ಬೋಲ್ಟ್ ಸವೆದಂತೆ ರಂಧ್ರ ಅಗಲವಾಗಿ ಹಲಗೆ ಸಡಿಲಗೊಳ್ಳುತ್ತದೆ, ಅಲ್ಲಿಂದಲೇ ನೀರು ಒಳಗೆ ಬರುತ್ತದೆ. ಎಣ್ಣೆಯಂಶವಿರುವ ತೇಗಕ್ಕೆ ಈ ಕಾಟ ತೀರಾ ಕಡಿಮೆ. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಓಕ್ ಸಾಲದೆ ಬ್ರಿಟನ್ ಬಾಂಬೆಯತ್ತ ತಿರುಗಿತು. ಅಲ್ಲಿ ಜಮ್‌ಶೇಟ್‌ಜಿ ಬೊಮನ್‌ಜಿ ವಾಡಿಯಾ ಮಲಬಾರಿನ ತೇಗದಿಂದ ಈ ಫ್ರಿಗೇಟನ್ನು (ವೇಗದ ಮಧ್ಯಮ ಗಾತ್ರದ ಯುದ್ಧನೌಕೆಯನ್ನು) ಕಟ್ಟಿದರು. 1806ರಲ್ಲಿ ಮಲಬಾರಿಗೆ ಕ್ಯಾಪ್ಟನ್ ವಾಟ್ಸನ್‌ನನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿದ್ದೂ ನೌಕೆಗಳಿಗೆ ತೇಗ ಒದಗಿಸಲೆಂದೇ.

ಹಾಗಾದರೆ ಇದೇ ಲೀಡಾ ವರ್ಗದ, ಅಂದರೆ ಇದೇ ವಿನ್ಯಾಸದ, ಯೂನಿಕಾರ್ನ್ ನೌಕೆ ಉಳಿದದ್ದು ಹೇಗೆ? ಚಾಥಮ್‌ನಲ್ಲಿ 1824ರಲ್ಲಿ ನೀರಿಗಿಳಿದ ಅದು ಓಕ್ ಹಡಗು. ಅದಕ್ಕೆ ಹಾಯಿಪಟವನ್ನೇ ಕಟ್ಟಲಿಲ್ಲ, ಡೆಕ್ಕಿನ ಮೇಲೆ ಚಾವಣಿ ಹೊದಿಸಿಟ್ಟರು. ಇಂದಿಗೂ ಸ್ಕಾಟ್‌ಲೆಂಡಿನ ಡಂಡೀಯಲ್ಲಿ ಆ ಚಾವಣಿಯಡಿಯೇ ಇದೆ. ಇತ್ತ ಅದೇ ಬಾಂಬೆ ಹಡಗುಕಟ್ಟೆಯಲ್ಲಿ 1816ರಲ್ಲಿ ತೇಗದಲ್ಲೇ ಕಟ್ಟಿದ ಆಂಫಿಟ್ರೈಟ್ ನೌಕೆಯನ್ನು ಕೊನೆಗೆ ಒಡೆದುಹಾಕಿದರು.

ಮರದ ಹಡಗಿಗೆ ಕಡಲ ನೀರಿಗಿಂತ ಮಳೆನೀರೇ ದೊಡ್ಡ ಶತ್ರು. ಉಪ್ಪು ಮರವನ್ನು ಒಂದಿಷ್ಟು ಕಾಯುತ್ತದೆ. ಸಿಹಿನೀರು ಹಾಗಲ್ಲ: ನಾರು, ಡಾಂಬರು ತುಂಬಿದ ಡೆಕ್ ಸಂದು ಬಿರಿದಾಗ ಇಳಿದು, ತೊಲೆಯ ತುದಿಗಳಲ್ಲಿ, ಒಳಹಲಗೆಯ ಹಿಂದೆ, ಗಾಳಿಯಾಡದ ಕಡೆಯೆಲ್ಲ ನಿಲ್ಲುತ್ತದೆ. ಶಿಲೀಂಧ್ರ ಹುಟ್ಟುವುದು ಅಲ್ಲಿಯೇ. 1810ರ ಬ್ರಿಟಿಷ್ ಯುದ್ಧನೌಕೆ ಕ್ವೀನ್ ಷಾರ್ಲಟ್ ಸೇವೆಗೆ ಹೊರಡುವ ಮೊದಲೇ ಕೊಳೆತು ಭಾರೀ ದುರಸ್ತಿಗೆ ಬಂತು. ಸರಿಯಾಗಿ ಒಣಗದ ಮರ ಮತ್ತು ಕಟ್ಟಿದ ಉಸಿರು ಸೇರಿದರೆ ಆಗುವುದು ಅಷ್ಟೇ.

1819ರ ಏಪ್ರಿಲ್‌ನಲ್ಲಿ ಟ್ರಿಂಕೋಮಲಿ ಪೋರ್ಟ್ಸ್‌ಮತ್ ಸೇರುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಸಜ್ಜು ಇಳಿಸಿ, ಚಾವಣಿ ಹಾಕಿ ಕಾಯ್ದಿಟ್ಟರು. 1845ರಲ್ಲಿ ಹೊರತೆಗೆದಾಗ ಅದರ ವಿನ್ಯಾಸ ಹಳತಾಗಿತ್ತು. ಹಿಂಭಾಗವನ್ನು ಅಂಡಾಕಾರಕ್ಕೆ ಬದಲಿಸಿ, 38 ತೋಪುಗಳ ಫ್ರಿಗೇಟನ್ನು ಕಡಿಮೆ ಆದರೆ ಭಾರವಾದ 26 ತೋಪುಗಳ ಕಾರ್ವೆಟ್ (ಫ್ರಿಗೇಟಿಗಿಂತ ಕೆಳದರ್ಜೆಯ ಯುದ್ಧನೌಕೆ) ಮಾಡಿದರು. 1847ರಿಂದ 1850ರವರೆಗೆ ಉತ್ತರ ಅಮೆರಿಕ ಮತ್ತು ವೆಸ್ಟ್ ಇಂಡೀಸ್, 1852ರಿಂದ 1857ರವರೆಗೆ ಪೆಸಿಫಿಕ್: ಕಡಲ ಸೇವೆ ಇಷ್ಟೇ, ಎಂಟು ವರ್ಷ ಚಿಲ್ಲರೆ.

ಆದರೂ ಸೇವೆ ಅಲ್ಲವೆನ್ನಲು ನಾವು ಒಪ್ಪೆವು. ಶಾಂತಿಕಾಲದಲ್ಲಿ ನೌಕೆಯನ್ನು ಸಿದ್ಧವಾಗಿ ಕಾಯ್ದಿಡುವುದೂ ನೌಕಾಪಡೆಯ ಲೆಕ್ಕಾಚಾರವೇ. 1860ರಿಂದ ಸಂಡರ್ಲೆಂಡ್, ವೆಸ್ಟ್ ಹಾರ್ಟ್ಲ್‌ಪೂಲ್, ಸೌತಾಂಪ್ಟನ್‌ಗಳಲ್ಲಿ ಮೀಸಲು ನಾವಿಕರಿಗೆ ಅದೇ ತರಬೇತಿ ನೌಕೆಯಾಯಿತು. 1897ರಲ್ಲಿ ಗುಜರಿಗೆ ಮಾರಾಟವಾದರೂ, ತನ್ನ ಫುಡ್ರೊಯಾಂಟ್ ನೌಕೆಯನ್ನು ಬ್ಲ್ಯಾಕ್‌ಪೂಲ್ ಬಳಿ ಬಿರುಗಾಳಿಗೆ ಕಳೆದುಕೊಂಡಿದ್ದ ವೀಟ್ಲಿ ಕಾಬ್ ಅದನ್ನು ಕೊಂಡು, ಆ ಹೆಸರನ್ನೇ ಇಟ್ಟ. 1986ರವರೆಗೂ ಅದರ ಮೇಲೆ ಎಳೆಯರು ಕಡಲ ಕೆಲಸ ಕಲಿತರು. ದುರಸ್ತಿ 1990ರಿಂದ 2001ರವರೆಗೆ ನಡೆಯಿತು. ಮೂಲ ಹೆಸರು ಮರಳಿದ್ದು ಆ ನಡುವೆ, 1992ರಲ್ಲಿ.