‘ಹೋಗಬೇಡ ಎಂದು ನೀವೇ ಹೇಳಿಬಿಡಿ ಮೇಡಂ’: ಒಂದು ಆಪ್ತಸಲಹೆ ಪ್ರಕರಣ

ಜೂನ್ ತಿಂಗಳ ಒಂದು ಸಂಜೆ ನಾಲ್ಕೂವರೆಗೆ ವಿಮಲಾ ಅವರ ವೀಡಿಯೊ ಕರೆ ಬಂತು. ಅವರಿದ್ದ ಫ್ಲೋರಿಡಾದ ಒರ್ಲಾಂಡೊದಲ್ಲಿ ಆಗ ಬೆಳಗಿನ ಏಳು ಗಂಟೆ. ಹಿಂದೆ ಯಾರೋ ಮಿಕ್ಸಿ ತಿರುಗಿಸುತ್ತಿದ್ದರು. ಅವರು ಮೊಬೈಲ್ ಹಿಡಿದುಕೊಂಡೇ ಎದ್ದು ಹೋಗಿ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಟಬ್ಬಿನ ಅಂಚಿನ ಮೇಲೆ ಕುಳಿತರು. ಗುಟ್ಟಿನ ಮಾತು ಎಂದು ಅಷ್ಟರಲ್ಲೇ ತಿಳಿಯಿತು.

ಹೆಸರು, ಊರು ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ವಿಮಲಾ ಅವರಿಗೆ 59 ವರ್ಷ. ದಾವಣಗೆರೆ ಕಡೆಯ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದು ಸ್ವಯಂ ನಿವೃತ್ತಿ ಪಡೆದವರು. ಎರಡು ವರ್ಷದ ಹಿಂದೆ ನಿದ್ದೆ ಬರುವುದಿಲ್ಲವೆಂದು ನನ್ನ ಬಳಿ ಬಂದು ನಾಲ್ಕು ಬಾರಿ ಕುಳಿತು ಹೋಗಿದ್ದರು. ಈಗ ಮಗನ ಮನೆಗೆ ಹೋಗಿದ್ದಾರೆ. ಮುಂದಿನ ವಾರ ಪೋರ್ಟ್ ಕ್ಯಾನವರಲ್ ಬಂದರಿನಿಂದ ಎಲ್ಲರೂ ಕ್ರೂಸ್ ಹಡಗು ಹತ್ತಲಿದ್ದರು: ನಾಲ್ಕು ರಾತ್ರಿ, ಒಂದು ದಿನ ಬಹಾಮಾಸ್‌ನ ನಾಸೌ, ಇನ್ನೊಂದು ದಿನ ಹಡಗಿನ ಕಂಪನಿಯದೇ ಆದ ಪುಟ್ಟ ದ್ವೀಪ. ಆ ದ್ವೀಪದಲ್ಲಿ ಪ್ಯಾರಾಸೈಲಿಂಗ್ ಇದೆ, ಅಂದರೆ ದೋಣಿ ಎಳೆಯುವ ಪ್ಯಾರಾಚೂಟಿಗೆ ಕಟ್ಟಿಕೊಂಡು ಸಮುದ್ರದ ಮೇಲೆ ತೂಗುವ ಆಟ. ಕಂಪ್ಯೂಟರಿನಲ್ಲಿ ಅದರ ಚಿತ್ರ ನೋಡಿ ಇವರು ‘ಎಷ್ಟು ಚೆನ್ನಾಗಿದೆಯಲ್ಲ’ ಎಂದಿದ್ದರಂತೆ. ಮಗ ಮರುದಿನವೇ ಅಮ್ಮನ ಹೆಸರಿಗೆ ಒಂದು ಸೀಟು ಕಾದಿರಿಸಿಬಿಟ್ಟ.

“ನಮ್ಮ ಮನೆಯವರು ಬೇಡ ಎಂದರು. ಯಾಕೆ ಎಂದು ಮಗ ಕೇಳಿದ. ಬೇಡ ಎಂದರೆ ಬೇಡ ಎಂದರು. ಮೂರು ದಿನವಾಯಿತು, ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಸೊಸೆಯನ್ನು ಕೇಳುತ್ತಾರೆ. ಹೋಗಬೇಡ ಎಂದು ನೀವೇ ಹೇಳಿಬಿಡಿ ಮೇಡಂ. ಡಾಕ್ಟರು ಹೇಳಿದರು ಎಂದು ಮಗನಿಗೆ ಹೇಳಿ ಮುಗಿಸುತ್ತೇನೆ.”

ನಾನು ಡಾಕ್ಟರಲ್ಲ ಎಂದು ಎರಡು ವರ್ಷದ ಹಿಂದೆಯೂ ಹೇಳಿದ್ದೆ, ಈಗಲೂ ಹೇಳಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಬರುವವರು ನಮ್ಮಲ್ಲಿ ಬಹಳ. ಕೋಲಿನ ಬದಲು ಆಪ್ತಸಲಹೆಗಾರರನ್ನೇ ಬೀಸುತ್ತಾರೆ, ಅಷ್ಟೆ.

ನಾನು ಮೊದಲು ಎಡವಿದ್ದು ಇಲ್ಲಿ. ಇದು ಎತ್ತರದ ಭಯವೆಂದೇ ಹಿಡಿದುಕೊಂಡೆ. ಭಯವನ್ನು ಅಂಕಿಯಲ್ಲಿ ಹೇಳಿಸುವ ಒಂದು ಅಳತೆ ನಮ್ಮಲ್ಲಿದೆ. ಅದನ್ನು ಬಳಕೆಗೆ ತಂದ ಮನೋವೈದ್ಯ ಜೋಸೆಫ್ ವೋಲ್ಪಿ ಅವರದು ಸೊನ್ನೆಯಿಂದ ನೂರು. ನಾವು ಅನುಕೂಲಕ್ಕೆ ಹತ್ತಕ್ಕೆ ಇಳಿಸಿಕೊಂಡಿದ್ದೇವೆ. ಕಣ್ಣು ಮುಚ್ಚಿ, ಸಮುದ್ರದ ಮೇಲೆ ತೂಗುತ್ತಿರುವುದನ್ನು ನೆನೆಸಿಕೊಂಡು ಅಂಕಿ ಹೇಳಿ ಎಂದೆ. “ಮೂರು” ಎಂದರು. ನಂಬಲಿಲ್ಲ, ಮತ್ತೆ ಕೇಳಿದೆ. “ತಾರಸಿಯ ಮೇಲಿನ ಸಿಂಟೆಕ್ಸ್ ಟ್ಯಾಂಕ್ ತೊಳೆಯಲು ಏಣಿ ಹತ್ತುವವಳು ನಾನೇ ಮೇಡಂ. ಅವರು ಕೆಳಗೆ ನಿಂತು ಬೈಯುತ್ತಾರೆ.” ಹಾಗಾದರೆ ಯಾವುದಕ್ಕೆ ಒಂಬತ್ತು, ಹತ್ತು? ಸ್ವಲ್ಪ ಹೊತ್ತು ನಲ್ಲಿಯ ಕಡೆ ನೋಡಿದರು. ಏನಾದರೂ ಆಗಿಬಿಟ್ಟರೆ, ‘ಮೊಮ್ಮಗನನ್ನು ನೋಡಲು ಹೋದವಳಿಗೆ ಇದೆಲ್ಲ ಬೇಕಿತ್ತೇ’ ಎಂದು ಊರಿನಲ್ಲಿ ಆಡಿಕೊಳ್ಳುತ್ತಾರಲ್ಲ, ಅದಕ್ಕೆ ಒಂಬತ್ತು. ಹೋಗದೆ ಉಳಿದರೆ? “ಅದಕ್ಕೂ ಎಂಟು” ಎಂದು ನಕ್ಕರು.

ಅಂದರೆ ಅವರಿಗೆ ಆಸೆಯಿತ್ತು. ಆಸೆಯಿದೆ ಎಂದು ಒಪ್ಪಿಕೊಳ್ಳಲು ಸಂಕೋಚವಿತ್ತು. ಎತ್ತರದ ಮಾತು ನಾನೇ ತಂದು ಸೇರಿಸಿದ್ದು.

ಇಂತಹ ಪ್ರಶ್ನೆ ಬಂದಾಗ ‘ಭಯವನ್ನು ಗೆಲ್ಲಿ, ಹಾರಿಬಿಡಿ’ ಎಂದು ಹುರಿದುಂಬಿಸುವ ಉಪದೇಶ ನನಗೆ ಹಿಡಿಸುವುದಿಲ್ಲ. ಹತ್ತು ನಿಮಿಷ ಗಾಳಿಯಲ್ಲಿ ತೂಗಿ ಬಂದ ಮಾತ್ರಕ್ಕೆ ಯಾರ ಮನಸ್ಸೂ ಗಟ್ಟಿಯಾಗುವುದಿಲ್ಲ. ಹಾರದೆ ಉಳಿದವರು ಪುಕ್ಕಲರೂ ಅಲ್ಲ. (ನಾನು ಜಾತ್ರೆಯ ತೊಟ್ಟಿಲನ್ನೇ ಹತ್ತುವುದಿಲ್ಲ. ಅದು ಬೇರೆ ವಿಷಯ.) ಭಯ ಒಂದು ಲೆಕ್ಕ, ಅಪಾಯ ಇನ್ನೊಂದು ಲೆಕ್ಕ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಮೊತ್ತ ತಪ್ಪುತ್ತದೆ. ಲೆಕ್ಕ ಬರೆದು ಬದುಕಿದ ವಿಮಲಾ ಅವರಿಗೆ ಈ ಮಾತು ಬೇಗ ಹಿಡಿಯಿತು. ಮುಂದಿನ ಸಲ ಗಂಡನನ್ನೂ ಕೂರಿಸಿಕೊಳ್ಳಿ ಎಂದೆ. “ಬರುವುದಿಲ್ಲ” ಎಂದರು. ‘ನಿಮ್ಮ ಬೇಡ ಎಂಬುದಕ್ಕೆ ಕಾರಣ ಏನಿದೆಯೋ ಅದನ್ನು ಕೇಳಬೇಕಂತೆ’ ಎಂದಷ್ಟೇ ಹೇಳಿ ನೋಡಿ ಎಂದೆ.

ಬಂದರು. ಅವರಿಗೆ 66 ವರ್ಷ, ವಿದ್ಯುತ್ ಕಂಬ, ತಂತಿಗಳ ನಡುವೆ ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ತೆಳುಮಾಡುವ ಮಾತ್ರೆ ನಡೆಯುತ್ತಿದೆ. ಮೊದಲ ಹತ್ತು ನಿಮಿಷ ‘ಇವಳಿಗೆ ಏನು ತಿಳಿಯುತ್ತದೆ’ ಎಂಬ ಒಂದೇ ರಾಗ. ಆಮೇಲೆ, ಕೇಳದೆಯೇ, ಒಂದು ಹಳೆಯ ಸಂಗತಿ ಹೇಳಿದರು. 1994ರಲ್ಲಿ ಇವರು ಲೈನ್ ಕ್ಲಿಯರ್ (ಕರೆಂಟ್ ತೆಗೆದಿದೆ, ಹತ್ತಬಹುದು ಎಂಬ ಅನುಮತಿ) ಕೊಟ್ಟು ಕಂಬ ಹತ್ತಿಸಿದ ಲೈನ್‌ಮನ್ ಒಬ್ಬ ಕೆಳಗೆ ಬಿದ್ದಿದ್ದ. ಕರೆಂಟ್ ಹೊಡೆದದ್ದಲ್ಲ, ಸೊಂಟದ ಬೆಲ್ಟ್ ಕೊಕ್ಕೆಯ ಹತ್ತಿರ ಸವೆದಿತ್ತು. ಕಾಲು ಮುರಿಯಿತು, ಜೀವ ಉಳಿಯಿತು. “ಹತ್ತುವ ಮುಂಚೆ ಬೆಲ್ಟನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಬಹುದಿತ್ತು. ನೋಡಲಿಲ್ಲ. ಈಗ ಆ ಚಿತ್ರದಲ್ಲಿ ಬೆಲ್ಟ್ ಕಟ್ಟಿಕೊಂಡು ತೂಗುವವರನ್ನು ಕಂಡರೆ ನನಗೆ ಊಟ ಸೇರುವುದಿಲ್ಲ.”

ವಿಮಲಾ ಅವರಿಗೆ ಆ ಘಟನೆ ಗೊತ್ತಿತ್ತು. ಆ ಬೆಲ್ಟಿಗೂ ಈ ಬೆಲ್ಟಿಗೂ ಗಂಟಿದೆ ಎಂಬುದು ಗೊತ್ತಿರಲಿಲ್ಲ. ಗಂಡನ ‘ಬೇಡ’ ಎಂಬುದನ್ನು ಮೂವತ್ತನಾಲ್ಕು ವರ್ಷ ಅಧಿಕಾರದ ಮಾತು ಎಂದೇ ಕೇಳಿಸಿಕೊಂಡವರು ಅವರು. ಬಹಳ ಸಲ ಅದು ಅಧಿಕಾರದ ಮಾತೇ ಆಗಿತ್ತು, ಅದನ್ನು ನಾನು ಮರೆಮಾಚುವುದಿಲ್ಲ. ಈ ಸಲ ಮಾತ್ರ ಒಳಗೆ ಬೇರೆ ಇತ್ತು.

ಅವರ ಆತಂಕ ಹುರುಳಿಲ್ಲದ್ದಲ್ಲ. ಈ ಕ್ರೀಡೆಯಲ್ಲಿ ದೋಣಿಯ ಹಿಂಬದಿಯ ಸಪಾಟು ಕಟ್ಟೆಯ ಮೇಲೆ ಕೂರಿಸಿ, ತೊಡೆಗೂ ಸೊಂಟಕ್ಕೂ ಪಟ್ಟಿ ಬಿಗಿದು, ಗಾಳಿ ತುಂಬಿದ ಪ್ಯಾರಾಚೂಟಿನ ಸರಳಿಗೆ ಕೊಕ್ಕೆ ಹಾಕುತ್ತಾರೆ. ವಿಂಚ್ ಎಂಬ ರಾಟೆ ಹಗ್ಗ ಬಿಡುತ್ತ ಹೋದಂತೆ ಮನುಷ್ಯ ಮೇಲೇರುತ್ತಾನೆ, ಸುತ್ತಿಕೊಂಡಂತೆ ಅದೇ ಕಟ್ಟೆಗೆ ಇಳಿಯುತ್ತಾನೆ. ಇಡೀ ಆಟ ನಿಂತಿರುವುದು ಒಂದು ಹಗ್ಗ ಮತ್ತು ಆ ಹೊತ್ತಿನ ಗಾಳಿಯ ಮೇಲೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ 2014ರಲ್ಲಿ ಪ್ಯಾರಾಸೈಲಿಂಗ್ ಅವಘಡಗಳನ್ನು ಪರಿಶೀಲಿಸಿ ವರದಿ ಕೊಟ್ಟಾಗ ಬೊಟ್ಟು ಮಾಡಿದ್ದೂ ಇವೆರಡನ್ನೇ: ಜೋರು ಗಾಳಿಯಲ್ಲಿ ದೋಣಿ ಬಿಡುವುದು, ಸವೆದ ಹಗ್ಗವನ್ನೇ ಬಳಸುವುದು. ಹಗ್ಗ ಕಡಿದರೆ ಪ್ಯಾರಾಚೂಟು ನೆಟ್ಟಗೆ ನೀರಿಗೆ ಬಂದು ನಿಲ್ಲುವುದಿಲ್ಲ. ಗಾಳಿ ಅದನ್ನು ದಡದ ಕಟ್ಟಡದತ್ತಲೋ ಮರದತ್ತಲೋ ಎಳೆದೊಯ್ಯುತ್ತದೆ. ಫ್ಲೋರಿಡಾ ರಾಜ್ಯ ಅದೇ 2014ರಲ್ಲಿ ಕಾನೂನು ತಂದು, ಗಾಳಿಯ ವೇಗ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್ ಮೀರಿದರೆ, ಇಲ್ಲವೇ ಏಳು ಮೈಲಿಯೊಳಗೆ ಗುಡುಗು ಮಿಂಚು ಇದ್ದರೆ ಯಾರನ್ನೂ ಮೇಲೇರಿಸಬಾರದು ಎಂದು ವಿಧಿಸಿತು. ಬಹಾಮಾಸ್ ಬೇರೆ ದೇಶ, ಫ್ಲೋರಿಡಾದ ಕಾನೂನು ಅಲ್ಲಿ ನಡೆಯುವುದಿಲ್ಲ. ಆದರೆ ಕೈಯಲ್ಲಿ ಒಂದು ಅಳತೆಗೋಲು ಇದ್ದ ಹಾಗಾಯಿತು.

ಹಗ್ಗವನ್ನು ಹಾವೆಂದು ಕಂಡು ಬೆದರಿದವರ ಕತೆ ನಮಗೆಲ್ಲ ಗೊತ್ತು. ಇಲ್ಲಿ ಹಗ್ಗವನ್ನು ಹಗ್ಗವೆಂದೇ ಕಂಡು ಬೆದರಬೇಕು. ಆಕಾಶಕ್ಕೆ, ಎತ್ತರಕ್ಕೆ, ಊರವರ ಬಾಯಿಗೆ ಹೆದರುವುದರಲ್ಲಿ ಮುಖ್ಯವಾದದ್ದು ಕೈಬಿಟ್ಟು ಹೋಗುತ್ತದೆ. ಇದನ್ನು ಹೇಳಿದಾಗ ಯಜಮಾನರು ಮೊದಲ ಬಾರಿ ಕ್ಯಾಮೆರಾದ ಕಡೆ ನೇರ ನೋಡಿದರು. “ಗಂಟು ಹಾಕಿದ ಕಡೆ ಹಗ್ಗಕ್ಕೆ ಬಲ ಕಡಿಮೆ ಮೇಡಂ. ಉಪ್ಪುನೀರು, ಬಿಸಿಲು ಬೇರೆ” ಎಂದರು. ಸರಿಯಾಗಿಯೇ ಹೇಳಿದರು, ಗಂಟು ಬಿದ್ದಲ್ಲಿ ಹಗ್ಗದ ಬಲ ಬಹಳ ತಗ್ಗುತ್ತದೆ ಎಂದು ಆ ವರದಿಯೂ ಎಚ್ಚರಿಸಿತ್ತು.

ಆಗ ನಾನು ಕೊಟ್ಟ ಸಲಹೆ ಅಡ್ಡಗೋಡೆಯ ಮೇಲಿಟ್ಟ ದೀಪವಾಗಬಾರದೆಂದು ಬಿಡಿಸಿ ಹೇಳಿದೆ. ಹೋಗುವುದೋ ಬಿಡುವುದೋ ವಿಮಲಾ ಅವರ ತೀರ್ಮಾನ. ಯಜಮಾನರಿಗೆ ತಡೆಯುವ ಹಕ್ಕಿಲ್ಲ, ಕೇಳುವ ಹಕ್ಕು ಪೂರಾ ಇದೆ. ನೋಡುಗರಾಗಿ ಅದೇ ದೋಣಿ ಹತ್ತಿ, ಗಾಳಿಯ ವೇಗ ಎಷ್ಟು, ಹಗ್ಗ ಯಾವಾಗ ಬದಲಿಸಿದ್ದು, ಮಳೆಮೋಡ ಎಲ್ಲಿದೆ, ಮೇಲಿದ್ದವರು ಬೇಗ ಇಳಿಯಬೇಕೆಂದರೆ ಕೈಸನ್ನೆ ಏನು ಎಂದು ಅವರೇ ವಿಚಾರಿಸಲಿ. ವಿಮಲಾ ಅವರು ಉತ್ತರಗಳನ್ನು ಕೇಳಿಸಿಕೊಳ್ಳಲಿ. ಉತ್ತರ ನುಣುಚಿದರೆ, ಬೆಲ್ಟ್ ಬಿಗಿದ ಮೇಲೂ ಎದ್ದು ಬರಬಹುದು. ಮಗ ಕೊಟ್ಟ ದುಡ್ಡು ವ್ಯರ್ಥವಾಗುತ್ತದೆ ಎಂಬುದು ಮೇಲೇರಲು ಕಾರಣವಾಗಕೂಡದು. ಅದು ಹೋಗಿ ಆಗಿರುವ ದುಡ್ಡು.

ಅದಕ್ಕೂ ಮೊದಲು ಮಾಡಬೇಕಾದ ಎರಡು ಕೆಲಸಗಳಿದ್ದವು. ಕಳೆದ ವರ್ಷದ ಮೂಳೆ ಸಾಂದ್ರತೆ ಪರೀಕ್ಷೆಯಲ್ಲಿ ವಿಮಲಾ ಅವರ ಟಿ-ಸ್ಕೋರ್ ಮೈನಸ್ 1.8 ಬಂದಿತ್ತು. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗತೊಡಗಿದೆ ಎಂದರ್ಥ. ಊರಿನ ಡಾಕ್ಟರಿಗೆ ಫೋನ್ ಮಾಡದೆ ಮುಂದುವರಿಯಬೇಡಿ ಎಂದೆ. ನಮ್ಮಲ್ಲಿ ಕೆಲವು ಕಡೆ ಜೀಪಿಗೆ ಕಟ್ಟಿ ಎಳೆದು ನೆಲದ ಮೇಲೆ ಇಳಿಸುವ ಪದ್ಧತಿಯಿದೆ. ಇದು ಹಾಗಲ್ಲ, ದೋಣಿಯ ಮೇಲೇ ಕೂರಿಸುತ್ತಾರೆ ಎಂಬುದನ್ನೂ ಅವರಿಗೆ ತಿಳಿಸಲು ಹೇಳಿದೆ. ಡಾಕ್ಟರು ಎಲ್ಲ ಕೇಳಿ, ಇದಕ್ಕೆ ತಮ್ಮ ಅಡ್ಡಿಯಿಲ್ಲ, ಹಡಗಿನ ಒದ್ದೆ ಮೆಟ್ಟಿಲ ಮೇಲೆ ಮಾತ್ರ ಪಕ್ಕದ ಕಂಬಿ ಬಿಡಬೇಡಿ ಎಂದರಂತೆ.

ಇನ್ನೊಂದು ವಿಮೆ. ತಂದೆತಾಯಿಯನ್ನು ಕರೆಸಿಕೊಳ್ಳುವಾಗ ಮಕ್ಕಳು ಕೊಳ್ಳುವ ಪಾಲಿಸಿಗಳಲ್ಲಿ ಬಹಳಷ್ಟು ಇಂತಹ ಸಾಹಸ ಕ್ರೀಡೆಗಳನ್ನು ಹೊರಗಿಡುತ್ತವೆ. ಮಗನಿಗೆ ಓದಿ ನೋಡಲು ಹೇಳಿದೆ. ಹೊರಗಿಟ್ಟಿತ್ತು. ಅವನು ಆ ಪ್ರವಾಸದ ಮಟ್ಟಿಗೆ ಬೇರೆ ಪಾಲಿಸಿ ಹುಡುಕಿ ಕೊಂಡ. ನಾಸೌ ದಡದಲ್ಲಿ ಯಾರೋ ಅಗ್ಗಕ್ಕೆ ಕರೆದರೂ ಹೋಗುವುದು ಬೇಡ, ಹಡಗಿನವರ ಮೂಲಕ ಗೊತ್ತುಮಾಡಿದ್ದನ್ನೇ ಇಟ್ಟುಕೊಳ್ಳಿ ಎಂದೆ. ಸ್ವಂತವಾಗಿ ಹೋಗಿ ತಡಮಾಡಿಕೊಂಡವರಿಗಾಗಿ ಹಡಗು ಕಾಯುವುದಿಲ್ಲ. ಬೆಳಗ್ಗೆ ಹಗುರ ತಿಂಡಿ ತಿನ್ನಿ ಎಂಬುದೂ ಸೇರಿತ್ತು. ಹೊಟ್ಟೆ ತೊಳಸುವುದು ಆಕಾಶದಲ್ಲಲ್ಲ, ಸರದಿಗಾಗಿ ತೂಗಾಡುವ ದೋಣಿಯಲ್ಲಿ ಕಾಯುವಾಗ.

ಮಾತು ಮುಗಿಯಿತು ಎನ್ನುವಾಗ ವಿಮಲಾ ಅವರು ದನಿ ತಗ್ಗಿಸಿದರು. “ಕನ್ನಡಕ, ಸರ ಎಲ್ಲ ತೆಗೆದಿಡಬೇಕಂತೆ ಮೇಡಂ. ಮಾಂಗಲ್ಯ?”

ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ಲೈಫ್ ಜಾಕೆಟ್ಟಿನೊಳಗೆ ಪಿನ್ ಹಾಕಿಕೊಳ್ಳಬಹುದೇ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಪಕ್ಕದಿಂದ ಯಜಮಾನರು, “ಅದನ್ನು ನನ್ನ ಹತ್ತಿರ ಕೊಡು. ದೋಣಿಯಲ್ಲೇ ಇರುತ್ತೇನಲ್ಲ” ಎಂದರು. ಮೂರು ದಿನದ ಮೇಲೆ ಹೆಂಡತಿಗೆ ನೇರವಾಗಿ ಆಡಿದ ಮೊದಲ ಮಾತು.

ಹನ್ನೊಂದು ದಿನದ ನಂತರ ಮತ್ತೆ ಕರೆ ಬಂತು. ಈ ಸಲ ಬಚ್ಚಲುಮನೆಯಿಂದಲ್ಲ, ಊಟದ ಮೇಜಿನಿಂದ. ನಾವು ಯಾರೂ ಎಣಿಸದಿದ್ದ ತೊಡಕೊಂದು ಬಂದಿತ್ತಂತೆ: ವಿಮಲಾ ಅವರ ತೂಕ 44 ಕಿಲೋ. ಅಷ್ಟು ಹಗುರ ಇರುವವರನ್ನು ಒಬ್ಬರನ್ನೇ ಬಿಡುವುದಿಲ್ಲ, ಜೊತೆಗೆ ಇನ್ನೊಬ್ಬರು ಬೇಕು ಎಂದರು ದೋಣಿಯವರು. ಮಗ ಮೊಮ್ಮಗನೊಂದಿಗೆ ದಡದಲ್ಲಿದ್ದ. ಯಜಮಾನರಿಗೆ ಸ್ಟೆಂಟ್. ಫೋಟೊ ತೆಗೆಯಲೆಂದು ಬಂದಿದ್ದ ಸೊಸೆ ಮೊಬೈಲನ್ನು ಮಾವನ ಕೈಗೆ ಕೊಟ್ಟು ಅತ್ತೆಯ ಪಕ್ಕ ಕೂತಳು. ಒಂದು ಕೈಯಲ್ಲಿ ಮಾಂಗಲ್ಯ, ಇನ್ನೊಂದರಲ್ಲಿ ಮೊಬೈಲ್. ಅವರು ತೆಗೆದ ವೀಡಿಯೊದಲ್ಲಿ ಬಹುಪಾಲು ಅವರದೇ ಹೆಬ್ಬೆರಳು ಬಿದ್ದಿದೆ.

“ಮೇಲೆ ಹೇಗಿತ್ತು?” ಎಂದೆ.

“ಸದ್ದೇ ಇಲ್ಲ ಮೇಡಂ. ಕೆಳಗೆ ದೋಣಿಯ ಇಂಜಿನ್ ಅಷ್ಟು ಗಲಾಟೆ ಮಾಡುತ್ತದೆ, ಮೇಲೆ ಹೋದರೆ ಏನೂ ಕೇಳುವುದಿಲ್ಲ. ಸೊಸೆ ಏನೋ ಮಾತಾಡಿದಳು, ನಾನೂ ಮಾತಾಡಿದೆ.” ಏನು ಮಾತು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಳಿದ ಮೇಲೆ ಸರ ಕೇಳಿದಾಗ ಯಜಮಾನರ ಮುಷ್ಟಿ ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತಂತೆ. ಅಂಗೈಯಲ್ಲಿ ಕರಿಮಣಿಯ ಅಚ್ಚು ಸಾಲಾಗಿ ಮೂಡಿತ್ತಂತೆ.

ಅವರು ಹಿಂದಿನಿಂದ ಬಗ್ಗಿ ಪರದೆಯೊಳಗೆ ಬಂದರು. “ಗಾಳಿ 12 ಮೈಲಿ ಇತ್ತು, ಮೀಟರ್ ತೋರಿಸಿದರು. ಹಗ್ಗದ ತುದಿಯನ್ನು ಆಗಾಗ ಕತ್ತರಿಸಿ ಹೊಸದಾಗಿ ಗಂಟು ಹಾಕುತ್ತಾರಂತೆ ಮೇಡಂ, ಸವೆತ ಅಲ್ಲೇ ಜಾಸ್ತಿಯಲ್ಲವೇ. ಕೇಳಿದ ತಕ್ಷಣ ಆ ಹುಡುಗ ದಾಖಲೆಯ ಪುಸ್ತಕ ತೆಗೆದು ತೋರಿಸಿದ. ನಾನು ಕೈಯಲ್ಲಿ ಹಿಡಿದು ನೋಡಿದೆ.” ವಿಮಲಾ ಅವರಿಗೆಂದು ಮೀಸಲಿಟ್ಟ ಉಳಿದ ಇಪ್ಪತ್ತು ನಿಮಿಷವೂ ಹಗ್ಗದ ವಿಚಾರದಲ್ಲೇ ಕಳೆಯಿತು. ಅವರು ಅಡ್ಡ ಬರಲಿಲ್ಲ. ಎದ್ದು ಹೋಗಿ ಕಾಫಿಗೆ ಹಾಲಿಟ್ಟರು.