ಗಡಿಗೆ ಕಳಿಸುವ ಪೆಟ್ಟಿಗೆ: ಏನಿರಬೇಕು, ಎಷ್ಟಿರಬೇಕು?

ಪ್ರಶ್ನೆ: ದೀಪಾವಳಿಗೆ ಲಡಾಖಿನಲ್ಲಿರುವ 40 ಯೋಧರಿಗೆ ಉಡುಗೊರೆ ಕಳಿಸಲು ನಮ್ಮ ಸಂಘದಲ್ಲಿ 12,000 ರೂಪಾಯಿ ಕೂಡಿದೆ. ಸೋಪು, ಪೇಸ್ಟು, ಟವೆಲ್, ಕಾಲುಚೀಲ, ಬಿಸ್ಕತ್ತು ಎಂದು ತಲೆಗೆ ಹತ್ತು ಬಾಬತ್ತು ಕೊಡೋಣ ಎನ್ನುವವರು ಕೆಲವರು. ಎರಡೇ ಇರಲಿ, ಚೆನ್ನಾಗಿರಲಿ ಎನ್ನುವವರು ಕೆಲವರು. ಯಾವುದು ಸರಿ?
– ಮಹಿಳಾ ಸಂಘದ ಸದಸ್ಯೆಯರು, ಗೋಕಾಕ

ಉತ್ತರ: ಎರಡನೆಯವರ ಮಾತೇ ಸರಿ, ಬೇಕಾದರೆ ಮೂರು ಮಾಡಿ. ತಲೆಗೆ ಬರುವುದು 300 ರೂಪಾಯಿ, ಅಂಚೆ ಖರ್ಚೂ ಅದರಲ್ಲೇ ಹೊರಡಬೇಕು. ಹತ್ತಕ್ಕೆ ಹಂಚಿದರೆ ಒಂದೊಂದಕ್ಕೆ 30 ರೂಪಾಯಿಯೂ ಉಳಿಯದು. ಆ ಬೆಲೆಯ ಕಾಲುಚೀಲ ಎರಡು ಒಗೆತಕ್ಕೆ ಜಾಳಾಗುತ್ತದೆ. ಚಳಿಯ ಬಟ್ಟೆಯನ್ನು ಸೇನೆಯೇ ಕೊಡುತ್ತದೆ. ಸೋಪು, ಪೇಸ್ಟು ಕ್ಯಾಂಟೀನಿನಲ್ಲಿ ನಿಮಗಿಂತ ಅಗ್ಗಕ್ಕೆ ಸಿಗುತ್ತವೆ. ಅಲ್ಲಿ ಸಿಗದಿರುವುದು ಊರಿನ ರುಚಿ ಒಂದೇ.

ಬ್ಯಾರಕ್ಕಿನಲ್ಲಿ ಬಿಚ್ಚಿದ ಡಬ್ಬಿ ಒಬ್ಬನದಾಗಿ ಉಳಿಯುವುದಿಲ್ಲ. ಆದ್ದರಿಂದ ಎಣಿಸಿ ಹಂಚಲು ಬರುವಂಥದ್ದನ್ನೇ ಆರಿಸಿ, ಹತ್ತು ಜನರಿಗೆ ಒಂದರಂತೆ ನಾಲ್ಕು ಪೆಟ್ಟಿಗೆ ಮಾಡಿ. ಪ್ರತಿಯೊಂದರಲ್ಲೂ 30 ಗ್ರಾಂ ತೂಕದ 40 ಶೇಂಗಾ ಉಂಡೆ, 100 ಗ್ರಾಮಿನ ಹತ್ತು ಪೊಟ್ಟಣ ಶೇಂಗಾ ಹಿಂಡಿ (ಚಟ್ನಿಪುಡಿ), ಒಂದು ಕಿಲೋ ಕೋಡುಬಳೆ. ಡಬ್ಬವೂ ಸೇರಿ ನಾಲ್ಕು ಕಿಲೋ ಒಳಗೇ ಇರುತ್ತದೆ. ಉಂಡೆಯೆಲ್ಲ ಒಂದರಲ್ಲಿ, ಹಿಂಡಿಯೆಲ್ಲ ಇನ್ನೊಂದರಲ್ಲಿ ತುಂಬುವ ತಪ್ಪು ಬೇಡ. ಒಂದು ಪೆಟ್ಟಿಗೆ ತಡವಾದರೆ ಎಲ್ಲರಿಗೂ ಒಂದು ಬಾಬತ್ತು ತಪ್ಪುತ್ತದೆ.

ಇನ್ನು ಕೆಡುವ ಮಾತು. ಹಿಂಡಿಗೆ ಬೆಳ್ಳುಳ್ಳಿಯನ್ನು ಹಸಿಯಾಗಿ ಜಜ್ಜಿ ಹಾಕಿದರೆ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಗರಿಗರಿಯಾಗುವಂತೆ ಹುರಿದೇ ಹಾಕಿ, ಇಲ್ಲವೇ ಬಿಡಿ. ಕೋಡುಬಳೆಗೆ ಹೊಸ ಎಣ್ಣೆ ಬೇಕು. ಹಬ್ಬಕ್ಕೆ ಕರಿದು ಉಳಿದ ಎಣ್ಣೆಯಲ್ಲಿ ಮಾಡಿದ್ದು ಅಲ್ಲಿ ತಲುಪುವಷ್ಟರಲ್ಲಿ ಕಮಟು ಹೊಡೆಯುತ್ತದೆ. ಕರಿದ ಮೇಲೆ ನಾಲ್ಕೈದು ತಾಸು ಹರವಿ ಆರಿಸಿ. ಬಿಸಿಯಲ್ಲೇ ಕಟ್ಟಿದರೆ ಒಳಗಿನ ಹಬೆಗೆ ಮೆತ್ತಗಾಗುತ್ತದೆ. ಹಾಲು ಚಿಮುಕಿಸಿ ಕಟ್ಟುವ ರವೆ ಉಂಡೆ ಈ ದಾರಿಗೆ ಆಗದು. ನಿಮ್ಮೂರಿನ ಕರದಂಟು ಕಳಿಸದಿದ್ದರೆ ಬೇಸರವಾದೀತು ಎಂದು ಗೊತ್ತು. ಕಳಿಸಿ, ಆದರೆ ಪಾಕ ಸ್ವಲ್ಪ ಮೆದುವಾಗಿರಲಿ, ಇಲ್ಲೇ ಸಣ್ಣದಾಗಿ ಕತ್ತರಿಸಿಬಿಡಿ. ಆ ಚಳಿಗೆ ಬೆಲ್ಲದ ಪಾಕ ಕಲ್ಲಾಗುತ್ತದೆ, ಅಲ್ಲಿ ಒಡೆಯಲು ಕಷ್ಟ.

ಹಬ್ಬಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಅಂಚೆಗೆ ಕೊಡಿ. ಅದಕ್ಕೂ ಮುಂಚೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ, ಘಟಕದ ಒಪ್ಪಿಗೆ ಪಡೆಯಿರಿ. ಗುರುತಿಲ್ಲದವರ ಪೆಟ್ಟಿಗೆ ತಪಾಸಣೆಯಲ್ಲೇ ನಿಂತುಬಿಡಬಹುದು.

ಪ್ರಶ್ನೆ: ಲೇಹ್‌ನಲ್ಲಿರುವ ಮಗನಿಗೆ ಕಳಿಸಿದ ಉಪ್ಪಿನಕಾಯಿ ಎರಡು ಸಲವೂ ಸೋರಿತು. ಮುಚ್ಚಳ ಬಿಗಿಯಾಗಿಯೇ ಇತ್ತು. ಏಕೆ?
– ಓದುಗರು, ಸೋಮವಾರಪೇಟೆ

ಉತ್ತರ: ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ. ಜಾಡಿಯೊಳಗೆ ಉಳಿದ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದ ಸಂದಿನಿಂದ ಹೊರಗೆ ತಳ್ಳುತ್ತದೆ. ಬಿಗಿಮಾಡಿದಷ್ಟಕ್ಕೆ ನಿಲ್ಲದು. ಜಾಡಿ ಬಿಟ್ಟು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಾಲು ಕಿಲೋ ಹಾಕಿ, ಗಾಳಿ ಪೂರ್ತಿ ಒತ್ತಿ ತೆಗೆದು, ಬಾಯನ್ನು ಬಿಸಿಮಾಡಿ ಅಂಟಿಸಿ. ಅದರ ಮೇಲೆ ಇನ್ನೊಂದು ಚೀಲ, ಆಮೇಲೆ ಡಬ್ಬಿ. ತಿಂಡಿ ಪೊಟ್ಟಣಗಳಿಗೂ ಇದೇ ಮಾತು. ಗಾಳಿ ತುಂಬಿದವು ಬಲೂನಿನಂತೆ ಉಬ್ಬುತ್ತವೆ.

ಅಂದಹಾಗೆ, ಅಲ್ಲಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಬೇಳೆ ಬೇಗ ಬೇಯದು. ಬೇಯಿಸಬೇಕಾದ ಬೇಳೆಕಾಳಿನ ಬದಲು ಹುರಿಹಿಟ್ಟು, ಗೊಜ್ಜವಲಕ್ಕಿ ಪುಡಿಯಂಥವು ಮೇಲು.

ಪ್ರಶ್ನೆ: ಒಣ ಕೊಬ್ಬರಿ ಗಿಟುಕು ಕಳಿಸಬಹುದೇ? ವಿಳಾಸ ಬರೆಯುವುದು ಹೇಗೆ?
– ಓದುಗರು, ತಿಪಟೂರು

ಉತ್ತರ: ತಿಪಟೂರಿನವರಿಗೆ ಹೇಳಲು ಕಷ್ಟ, ಆದರೆ ಬೇಡ. ಎಣ್ಣೆ ಹೆಚ್ಚಿರುವ ಕೊಬ್ಬರಿ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು ಎಂದು ವಿಮಾನ ಸಾಗಣೆಯಲ್ಲಿ ಅದನ್ನು ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಸಿದ್ದಾರೆ. ಬೆಂಕಿಪೊಟ್ಟಣ, ಲೈಟರ್, ಸೆಂಟಿನ ಬಾಟಲಿ, ಪವರ್ ಬ್ಯಾಂಕ್ ಕೂಡ ಇಡಬೇಡಿ.

ವಿಳಾಸದಲ್ಲಿ ಯೋಧನ ಸೇನಾ ಸಂಖ್ಯೆ, ಹುದ್ದೆ, ಹೆಸರು, ಘಟಕ, ಕೊನೆಗೆ 56 ಎಪಿಒ (ಸೇನಾ ಅಂಚೆ ಕಚೇರಿ) ಅಥವಾ 99 ಎಪಿಒ. ಅವರು ಬರೆದುಕೊಟ್ಟಂತೆಯೇ ಇರಲಿ, ನಿಮಗೆ ಗೊತ್ತಿರುವ ಊರಿನ ಹೆಸರು ಸೇರಿಸಬೇಡಿ. ಅದೇ ವಿಳಾಸದ ಇನ್ನೊಂದು ಚೀಟಿಯನ್ನು ಪೆಟ್ಟಿಗೆಯೊಳಗೆ ಎಲ್ಲಕ್ಕಿಂತ ಮೇಲಿಡಿ, ಹೊರಗಿನದು ಮಳೆಗೆ ಕಲಸಿಹೋದರೆ ಅದನ್ನು ನೋಡಿ ತಲುಪಿಸುತ್ತಾರೆ.